ಲೆಕ್ಕದವರ ಉಮೇದುವಾರಿ

ನಮ್ಮ ನಾಡಿನಲ್ಲಿ ಲೆಕ್ಕ ಬರೆಯುವ ವಿದ್ಯೆಯನ್ನು ಶಾಲೆಯಲ್ಲಿ ಕಲಿತವರಿಗಿಂತ ಬಲ್ಲವರ ಮಗ್ಗುಲಲ್ಲಿ ಕುಳಿತು ಕಲಿತವರೇ ಬಹುಕಾಲ ಅಧಿಕವಾಗಿದ್ದರು. ಹುಣಿಸೆಬೀಜದ ಸರಿಯಲ್ಲಿ ಇದ್ದಲಿನ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಕೆ ಹಾಕಿ ಸಿದ್ಧಗೊಳಿಸುತ್ತಿದ್ದ ಕಡತದ ಮೇಲೆ, ಬಳಪದ ಬಿಳಿಯ ಅಕ್ಷರಗಳಲ್ಲಿ ಹೊಲಗದ್ದೆಗಳ ವಿವರವನ್ನೂ ಕಂದಾಯದ ಬಾಕಿಯನ್ನೂ ದಾಖಲಿಸುತ್ತಿದ್ದ ಶಾನುಭೋಗರ ಮನೆಗಳಲ್ಲಿ, ಹಳೆಯ ಲೆಕ್ಕವನ್ನು ನಕಲು ಮಾಡುತ್ತ ಮಾಡುತ್ತಲೇ ಹುಡುಗರಿಗೆ ಯಾವ ಹೊಲ ಯಾರದು, ಯಾವ ಅಂಕಿ ಊರಿನ ಸ್ಥಿತಿಗೆ ಹೊಂದದು ಎಂಬ ತಿಳಿವಳಿಕೆ ಬರುತ್ತಿತ್ತು. ವಿದ್ಯೆಯೊಂದು ಮನೆತನದ ಸ್ವತ್ತಾಗಿ ಉಳಿಯುವುದು ಸಮಾಜಕ್ಕೆ ಹಿತವಲ್ಲವಾದುದರಿಂದ, ಆ ವಂಶಪಾರಂಪರ್ಯದ ಹಕ್ಕನ್ನು 1961ರ ಕಾಯಿದೆ ತೆಗೆದುಹಾಕಿದ್ದು ನ್ಯಾಯವೇ ಸರಿ.

ಕಚೇರಿಗಳಲ್ಲಿ ಇದೇ ಪದ್ಧತಿ ಉಮೇದುವಾರಿಯ ರೂಪವನ್ನು ತಾಳಿತ್ತು. ಎಂದಾದರೊಂದು ದಿನ ಹುದ್ದೆ ತೆರವಾದೀತೆಂಬ ಆಸೆಯಿಂದ, ಸಂಬಳವಿಲ್ಲದೆ, ಗುಮಾಸ್ತರ ಹೇಳಿಕೆಯಂತೆ ಪತ್ರಗಳನ್ನು ನಕಲು ಮಾಡುತ್ತಲೂ ಪಟ್ಟಿಗಳನ್ನು ಕೂಡಿಸುತ್ತಲೂ ಇದ್ದ ಉಮೇದುವಾರನ ಕಲಿಕೆಯ ವೆಚ್ಚವನ್ನು ಹೊರುತ್ತಿದ್ದುದು ಅವನ ಮನೆಯವರು. ಹೊರಲಾರದ ಮನೆಯ ಹುಡುಗನಿಗೆ ಆ ಬಾಗಿಲು ಮುಚ್ಚಿದಂತೆಯೇ ಇತ್ತು.

ಈ ವಿದ್ಯೆಯನ್ನು ಸಂಬಳ ಕೊಟ್ಟು ಕಲಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಕರಾವಳಿಯ ಬ್ಯಾಂಕುಗಳಿಗೆ ಸಲ್ಲಬೇಕು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ನಿಧಿಯು ಕೆನರಾ ಬ್ಯಾಂಕಾಗಿ ಬೆಳೆಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆ ಹುಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕೂ 1925ರಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕೂ ಬಂದವು. 1928ರಲ್ಲಿ ಸಿಂಡಿಕೇಟಿನವರು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ, ಮನೆಮನೆಗೂ ಅಂಗಡಿಅಂಗಡಿಗೂ ಹೋಗಿ ಕೂಡಿಸಿ ತಂದ ಆಣೆಗಳೆಲ್ಲ ಒಂದೊಂದಾಗಿ ಲೆಡ್ಜರನ್ನು ಸೇರಬೇಕಾಗಿದ್ದುದರಿಂದ, ಹಣ ಅಲ್ಪವಾದರೂ ಬರವಣಿಗೆ ಅಪಾರವಾಯಿತು. ಆ ಬರವಣಿಗೆಯೇ ಎಷ್ಟೋ ತರುಣರಿಗೆ ಗರಡಿಯಾಯಿತು.

ಆ ಗರಡಿಯ ವರಸೆಗಳನ್ನು ಹತ್ತಿರದಿಂದ ನೋಡಬೇಕು. ಬಿಡಿ ಖಾತೆಗಳ ಶಿಲ್ಕುಗಳನ್ನೆಲ್ಲ ಕೂಡಿಸಿ ಜನರಲ್ ಲೆಡ್ಜರಿನ ಮೊತ್ತದೊಡನೆ ತಾಳೆ ನೋಡುವ ದಿನ, ಎರಡಕ್ಕೂ ಹೊಂದಿಕೆಯಾಗದಿದ್ದರೆ ಮನೆಗೆ ಹೋಗುವಂತಿಲ್ಲ. ಹೊಸಬನು ಮೊದಲ ಪುಟದಿಂದ ಮರಳಿ ಕೂಡಿಸಲು ತೊಡಗುವನು. ಪಳಗಿದವನು ಮೊದಲು ವ್ಯತ್ಯಾಸವನ್ನೇ ದಿಟ್ಟಿಸುವನು. ಅದು 9ರಿಂದ ಶೇಷವಿಲ್ಲದೆ ಭಾಗವಾದರೆ ಎರಡು ಅಂಕಿಗಳು ಸ್ಥಾನ ಬದಲಿಸಿಕೊಂಡಿರುವ ಸಂಭವ ಉಂಟು: 72 ಎಂಬುದನ್ನು 27 ಎಂದು ಬರೆದಿದ್ದರೆ ಬರುವ ವ್ಯತ್ಯಾಸ 45. ಅದು ಸರಿಸಂಖ್ಯೆಯಾಗಿದ್ದರೆ ಅದರ ಅರ್ಧದಷ್ಟು ಮೊತ್ತವನ್ನು ಹುಡುಕಬೇಕು, ಏಕೆಂದರೆ ಜಮೆಯ ಕಡೆ ಬರೆಯಬೇಕಾದುದನ್ನು ಖರ್ಚಿನ ಕಡೆ ಬರೆದಿದ್ದರೆ ತಪ್ಪು ಇಮ್ಮಡಿಯಾಗಿ ತೋರುತ್ತದೆ. 1957ರಲ್ಲಿ ದಶಮಾನ ನಾಣ್ಯ ಬಂದಮೇಲೆ ಒಂಬತ್ತರ ಸೂತ್ರ ಪೈಸೆಯವರೆಗೂ ಸಲ್ಲತೊಡಗಿತು. ಇದಿಷ್ಟೂ ಬಾಯಿಮಾತಿನಲ್ಲಿ ಹೇಳಿಕೊಡಬಹುದಾದುದು. ಆದರೆ ಈ ಗಿರಾಕಿ ಈ ತಿಂಗಳಲ್ಲಿ ಇಷ್ಟು ಹಣ ತೆಗೆಯುವವನಲ್ಲ, ಆದುದರಿಂದ ಚೀಟಿಯನ್ನೊಮ್ಮೆ ನೋಡಬೇಕು ಎಂಬ ಶಂಕೆ ಸಾವಿರಾರು ಚೀಟಿಗಳನ್ನು ಕೈಯಾರೆ ಬರೆದವನಿಗೆ ಮಾತ್ರ ಹುಟ್ಟುವಂತಹುದು.

ಯಂತ್ರ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1983ರಲ್ಲಿ ಗಣಕಯಂತ್ರಗಳ ಬಳಕೆಯ ಬಗ್ಗೆ ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಒಪ್ಪಂದವಾಯಿತು. 1984ರಲ್ಲಿ ಅದೇ ವಿಷಯವಾಗಿ ರಂಗರಾಜನ್ ಸಮಿತಿ ವರದಿ ನೀಡಿತು. ಲೆಡ್ಜರ್ ಬರೆಯುವ ಯಂತ್ರಗಳು ಬಂದು, ಅನಂತರ ಶಾಖೆಗಳೆಲ್ಲ ಒಂದೇ ಜಾಲಕ್ಕೆ ಸೇರಿದವು. ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಫಿನಕಲ್ ಎಂಬ ತಂತ್ರಾಂಶ ಈ ಕಾರ್ಯದಲ್ಲಿ ಹೆಸರಾಯಿತು. ಕೆಲಸ ಹೋದೀತೆಂಬ ಸಂಘಗಳ ಭಯವನ್ನು ಅಂದು ಹಲವರು ಅಜ್ಞಾನವೆಂದು ಹಳಿದರು. ನನಗೆ ಹಾಗೆ ತೋರುವುದಿಲ್ಲ. ಆದರೆ ಕೂಡಿಸುವ ಕೆಲಸ ಹೋದರೂ ಕೂಡಿಸಿ ಪಳಗಿದವರು ಆಗ ಇನ್ನೂ ಪೀಠಗಳಲ್ಲಿದ್ದರು. ತೆರೆಯ ಮೇಲಿನ ಅಂಕಿಯನ್ನು ಶಂಕಿಸುವ ಶಕ್ತಿ ಅವರೊಡನೆ ಉಳಿದಿತ್ತು. ಆ ಪೀಳಿಗೆ ನಿವೃತ್ತವಾದಮೇಲೆ ಏನಾಗುವುದೆಂಬ ಪ್ರಶ್ನೆ ಮಾತ್ರ ಮುಂದಕ್ಕೆ ಹೋಯಿತು.

ಆ ಪ್ರಶ್ನೆ ಈಗ ದೊಡ್ಡ ಕಂಪನಿಗಳ ಹೊಸ್ತಿಲಿಗೆ ಬಂದು ನಿಂತಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ವಿದೇಶದ ಮಹಾಸಂಸ್ಥೆಗಳು ಒಂದರ ಹಿಂದೊಂದು ಇಲ್ಲಿ ತಮ್ಮ ಕೇಂದ್ರಗಳನ್ನು ತೆರೆದು, ಯಂತ್ರವಿನ್ಯಾಸವನ್ನು ಮಾತ್ರವಲ್ಲದೆ ಲೆಕ್ಕಪತ್ರದ ಕೆಲಸವನ್ನೂ ನಮ್ಮ ತರುಣತರುಣಿಯರಿಗೆ ವಹಿಸಿವೆ. ಸರಬರಾಜುದಾರನ ಬಿಲ್ಲು, ಖರೀದಿಯ ಆದೇಶ, ಸರಕು ತಲುಪಿದ ರಸೀದಿ, ಈ ಮೂರನ್ನೂ ತಾಳೆ ನೋಡಿ ಹಣ ಬಿಡುಗಡೆಗೆ ಕಳುಹಿಸುವುದು ಹೊಸದಾಗಿ ಸೇರಿದ ಬಿ.ಕಾಂ. ಪದವೀಧರೆಯ ಮೊದಲ ಪಾಠ. ಈ ಪಾಠವೇ ಇಂದು ಕೃತಕ ಬುದ್ಧಿಮತ್ತೆಯ ಏಜೆಂಟುಗಳ ಪಾಲಾಗತೊಡಗಿದೆ. ಹಿಂದಿನ ತಂತ್ರಾಂಶ ವಿಧಿಸಿದ ನಿಯಮವನ್ನು ಮೀರುತ್ತಿರಲಿಲ್ಲ. ಏಜೆಂಟಾದರೋ ಗುರಿಯೊಂದನ್ನು ಕೊಟ್ಟರೆ ತಾನೇ ಪತ್ರವನ್ನು ಓದಿ, ಮುಂದಿನ ಹೆಜ್ಜೆಯನ್ನು ನಿಶ್ಚಯಿಸಿ, ಬೇಕಾದಲ್ಲಿ ಸರಬರಾಜುದಾರನಿಗೆ ಕಾಗದ ಬರೆದು, ತನಗೆ ಬಗೆಹರಿಯದ ಪ್ರಕರಣವನ್ನು ಮಾತ್ರ ಮನುಷ್ಯರ ಮುಂದಿರಿಸುತ್ತದೆ. ದಣಿವಿಲ್ಲದ ಈ ದುಡಿಮೆ ಜನರನ್ನು ಬೇಸರದ ಕೆಲಸದಿಂದ ಬಿಡಿಸುವುದೆಂಬ ಮಾತು ಸುಳ್ಳಲ್ಲ.

ಆದರೆ ಇದರ ತಪ್ಪಿನ ಸ್ವಭಾವವೇ ಬೇರೆ. ಗುಮಾಸ್ತನ ತಪ್ಪು ಮೊತ್ತದಲ್ಲಿ ಗಾಯದ ಗುರುತನ್ನು ಉಳಿಸಿಹೋಗುತ್ತಿತ್ತು. ಒಂಬತ್ತರ ಸೂತ್ರಕ್ಕೆ ಅದು ಸಿಕ್ಕಿಬೀಳುತ್ತಿತ್ತು. ಏಜೆಂಟು ಅಸ್ಪಷ್ಟವಾದ ಬಿಲ್ಲೊಂದನ್ನು ತನಗೆ ಸಂಭಾವ್ಯವೆಂದು ತೋರಿದ ಖರ್ಚಿನ ಬಾಬತ್ತಿಗೆ ಸೇರಿಸಿ, ಅದಕ್ಕೆ ಒಪ್ಪುವ ಸಮರ್ಥನೆಯನ್ನೂ ಬರೆದಿಟ್ಟರೆ, ಎಲ್ಲ ಮೊತ್ತಗಳೂ ಪೈಸೆಗೆ ಪೈಸೆ ತಾಳೆಯಾಗಿಯೂ ಲೆಕ್ಕ ತಪ್ಪಾಗಿರುತ್ತದೆ. ಅಂತಹ ತಪ್ಪನ್ನು ಹಿಡಿಯಬಲ್ಲವರು ಆ ಕಂಪನಿಯ ಸರಕನ್ನೂ ವರ್ತಕರ ರೂಢಿಯನ್ನೂ ಅರಿತವರು. ಹೊಸದಾಗಿ ಸೇರಿದ ಆ ಪದವೀಧರೆಯನ್ನು ಇಂದು ನೇರವಾಗಿ ಮೇಲ್ವಿಚಾರಣೆಯ ಪೀಠದಲ್ಲಿ ತಂದು ಕೂರಿಸಿದರೆ, ಅವಳಿಗೆ ಈ ಅರಿವು ಬರುವ ದಾರಿ ಯಾವುದು?

ಉಮೇದುವಾರನ ಕಲಿಕೆಯ ವೆಚ್ಚವನ್ನು ಅವನ ಕುಟುಂಬ ಹೊತ್ತಿತು. ಬ್ಯಾಂಕಿನ ಗುಮಾಸ್ತನ ಕಲಿಕೆಯ ವೆಚ್ಚ ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಅವನು ಕಲಿಯುತ್ತ ಮಾಡಿದ ಕೆಲಸ ಬ್ಯಾಂಕಿಗೆ ಬೇಕಾಗಿಯೇ ಇತ್ತು. ಈಗ ಆ ಕೆಲಸ ಬೇಡವಾಗುತ್ತಿರುವುದರಿಂದ ವೆಚ್ಚ ಮೊದಲ ಬಾರಿಗೆ ಬೇರೆಯಾಗಿ ಎದ್ದುಕಾಣುತ್ತಿದೆ. ಏಜೆಂಟುಗಳಿಂದ ಉಳಿಯುವ ಹಣದಲ್ಲಿ ಒಂದು ಪಾಲನ್ನು ಕಂಪನಿಗಳು ಇದಕ್ಕೆಂದೇ ತೆಗೆದಿಡಬೇಕೆಂದು ನನ್ನ ದೃಢವಾದ ಅಭಿಪ್ರಾಯ: ಹೊಸಬರು ಮೊದಲ ಒಂದೆರಡು ವರ್ಷ, ಪೂರ್ಣ ಸಂಬಳದ ಮೇಲೆ, ಏಜೆಂಟಿನ ಉತ್ತರವನ್ನು ನೋಡುವ ಮುನ್ನ ಅದೇ ಬಿಲ್ಲುಗಳನ್ನು ತಾವೇ ತಾಳೆ ನೋಡಲಿ, ಉಗ್ರಾಣಕ್ಕೆ ಹೋಗಿ ರಸೀದಿಯ ಹಿಂದಿರುವ ಸರಕನ್ನು ಎಣಿಸಲಿ, ಪಳಗಿದವರೊಬ್ಬರು ಪಕ್ಕದಲ್ಲಿ ಕುಳಿತು ಎರಡು ಉತ್ತರಗಳೂ ಎಲ್ಲಿ ಬೇರೆಯಾದುವೆಂದು ತೋರಿಸಲಿ. ಅಂತಹ ಪಳಗಿದವರು ಇನ್ನೂ ಸೇವೆಯಲ್ಲಿದ್ದಾರೆ.