ತರಬೇತಿ ವಿಮಾನ (ವಾಣಿಜ್ಯ ಪೈಲಟ್ ಶಿಕ್ಷಣ)

ಪೈಲಟ್ ಆಗಬಯಸುವವರು ಪರವಾನಗಿಗೆ ಬೇಕಾದ ಹಾರಾಟದ ಗಂಟೆಗಳನ್ನು ಗಳಿಸುವ ಲಘು ವಿಮಾನ. ಭಾರತದಲ್ಲಿ ವಾಣಿಜ್ಯ ಪರವಾನಗಿಗೆ ಕನಿಷ್ಠ 200 ಗಂಟೆ ಹಾರಿರಬೇಕು. ಕರ್ನಾಟಕದಲ್ಲಿ ಈ ವಿಮಾನಗಳ ಚರಿತ್ರೆ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಮತ್ತು ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗಳ ಸುತ್ತ ಬೆಳೆದಿದೆ.

ಈ ಚರಿತ್ರೆಯಲ್ಲಿ ಮೊದಲು ಎದುರಾಗುವ ಗೊಂದಲ ಎಚ್‌ಎಎಲ್ ತಯಾರಿಸಿದ ಎಚ್‌ಟಿ-2 ವಿಮಾನದ್ದು. ವಿ. ಎಂ. ಘಾಟಗೆಯವರ ಮುಂದಾಳತ್ವದಲ್ಲಿ ರೂಪುಗೊಂಡ ಇದು ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು ಎಂದು ಕೆಲವು ಆಕರಗಳು ಹೇಳಿದರೆ, ದಿನವಿಶೇಷದ ಪಟ್ಟಿಗಳು ಆಗಸ್ಟ್ 13 ಎನ್ನುತ್ತವೆ. ಇದನ್ನು ನಾಗರಿಕ ತರಬೇತಿ ವಿಮಾನವೆಂದೇ ಪರಿಚಯಿಸುವ ಬರಹಗಳೂ ಇವೆ. ಆದರೆ ಇದನ್ನು ಹೆಚ್ಚಾಗಿ ಬಳಸಿದ್ದು ವಾಯುಪಡೆ. ಫ್ಲೈಯಿಂಗ್ ಕ್ಲಬ್‌ಗಳ ವಿಮಾನ ಎನ್ನಬೇಕಾದದ್ದು 1958ರಲ್ಲಿ ಹಾರಿದ, ಎಚ್‌ಎಎಲ್‌ನದೇ ಆದ ಪುಷ್ಪಕ್. ಅಕ್ಕಪಕ್ಕ ಎರಡು ಆಸನ, ಮೇಲೆ ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್. ಸ್ವದೇಶಿಯೆಂದು ಹೆಸರಾಗಿದ್ದರೂ ಇದರ ಮೂಲ ಅಮೆರಿಕದ ಏರೋಂಕಾ ಚೀಫ್.

ಇವೆರಡಕ್ಕೂ ಮೂರನೆಯ ಚಕ್ರ ಬಾಲದಡಿ ಇತ್ತು. ನೆಲದ ಮೇಲೆ ಮೂತಿ ಮೇಲೆದ್ದಿರುವುದರಿಂದ ಎದುರಿನ ರನ್‌ವೇ ಸರಿಯಾಗಿ ಕಾಣದು. ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುವುದರಿಂದ, ಇಳಿದ ಮೇಲೆ ಸ್ವಲ್ಪ ವಾರೆಯಾದರೂ ಕಾಲಿನ ಪೆಡಲ್‌ನಿಂದ ಕೂಡಲೇ ತಿದ್ದದಿದ್ದರೆ ವಿಮಾನ ಗಿರಕಿ ಹೊಡೆಯುತ್ತದೆ. ಕಲಿಕೆಗೆ ಇದು ಒಳ್ಳೆಯದೆನ್ನುವ ಹಳಬರಿದ್ದಾರೆ. ಆದರೆ ಪ್ರಯಾಣಿಕ ಜೆಟ್‌ಗಳಿಗೆಲ್ಲ ಮೂತಿಯಡಿಯೇ ಚಕ್ರ. ಹಾಗೆಯೇ ಇರುವ ಸೆಸ್ನಾ 152, 172 ಕ್ರಮೇಣ ಶಾಲೆಗಳನ್ನು ಆವರಿಸಿದವು.

ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ ಸಂಯುಕ್ತ ವಸ್ತುಗಳಿಂದ ಮಾಡಿದ ಹಂಸ 1993ರಲ್ಲಿ ಹಾರಿತು. ಹಂಸ-3ಕ್ಕೆ 2000ದಲ್ಲಿ ಪ್ರಮಾಣಪತ್ರ ಸಿಕ್ಕಿತು. ಕೆಲವು ಕ್ಲಬ್‌ಗಳಿಗೆ ಹೋದರೂ ಸೆಸ್ನಾದ ಜಾಗ ಅದಕ್ಕೆ ದಕ್ಕಲಿಲ್ಲ. ಸುಧಾರಿತ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಹಾರಿತು. ಅದರ ಎಂಜಿನ್ ಅನ್ನು ಆಕಾಶದಲ್ಲೇ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ 2022ರ ಮೇ ತಿಂಗಳಲ್ಲಿ ಚಳ್ಳಕೆರೆಯಲ್ಲಿ ನಡೆಯಿತು.

ತರಬೇತಿ ವಿಮಾನದ ಆಯ್ಕೆಯಲ್ಲಿ ಇಂಧನದ ಪಾತ್ರವೂ ಇದೆ. ಸೆಸ್ನಾದಂಥ ಪಿಸ್ಟನ್ ವಿಮಾನಗಳಿಗೆ ಬೇಕಾದ ದುಬಾರಿ ವಿಮಾನ ಪೆಟ್ರೋಲ್ ಅವ್‌ಗ್ಯಾಸ್ ಆಮದಾಗುತ್ತಿತ್ತು. ಅದನ್ನು ಇಂಡಿಯನ್ ಆಯಿಲ್ ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿದ್ದು 2022ರಲ್ಲಿ. ಹಂಸದ ರೊಟಾಕ್ಸ್ ಎಂಜಿನ್ ವಾಹನಗಳ ಪೆಟ್ರೋಲ್‌ನಿಂದಲೂ ಓಡಬಲ್ಲದು. ಎರಡು ಎಂಜಿನ್‌ಗಳ ಡೈಮಂಡ್ ಡಿಎ-42 ವಿಮಾನದ ಡೀಸೆಲ್ ಎಂಜಿನ್‌ಗಳಿಗೆ ಜೆಟ್ ಇಂಧನ ಸಾಕು. ಗಂಟೆಯ ಶುಲ್ಕದಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ತರಬೇತಿ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಹೀಗಾಗಿ ಮಹಾರಾಷ್ಟ್ರದ ವಾಗದರಿ, ಅಕ್ಕಲಕೋಟೆ ಸೀಮೆಯ ಕನ್ನಡಿಗರಿಗೂ ಗಡಿಯಾಚೆಯ ಕಲಬುರಗಿ ಒಂದು ಹತ್ತಿರದ ಆಯ್ಕೆ. ಎರಡು ಎಂಜಿನ್‌ಗಳ ವಿಮಾನ ಹಾರಿಸುವ ಅರ್ಹತೆಯನ್ನು ಅಂಥ ವಿಮಾನದಲ್ಲೇ ಗಳಿಸಬೇಕು. ಸೇರುವವರು ಶಾಲೆಯ ಬಳಿ ಅದು ಇದೆಯೇ, ಶಾಲೆಗೆ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ವಿಚಾರಿಸಿಕೊಳ್ಳಬೇಕು.