ಧ್ವನಿವರ್ಧಕ ಹೊತ್ತ ಮೀಸಲು ಸೈನಿಕರು

ಶತ್ರು ಬಂದೂಕು ಕೆಳಗಿಡುವಂತೆ ಮಾಡಲು ಮಾತೂ ಒಂದು ಆಯುಧ; ಇದೇ ಮನೋಸಮರ. ಅಮೆರಿಕದ ಭೂಸೇನೆ ಇದನ್ನು ಕ್ರಮಬದ್ಧವಾಗಿ ಪ್ರಯೋಗಿಸಿದ್ದು 1918ರಲ್ಲಿ. ಪತ್ರಕರ್ತ ಹೀಬರ್ ಬ್ಲಾಂಕನ್‌ಹಾರ್ನ್ ಕಟ್ಟಿದ ಪುಟ್ಟ ವಿಭಾಗವು ಫ್ರಾನ್ಸಿನಲ್ಲಿ ಜರ್ಮನ್ ಕಂದಕಗಳ ಮೇಲೆ ಬಲೂನು, ವಿಮಾನಗಳಿಂದ ಕರಪತ್ರ ಉದುರಿಸಿತು. ಶರಣಾದವರಿಗೆ ಸಿಗುವ ಮಾಂಸ, ಬಿಳಿ ಬ್ರೆಡ್ಡು, ಕಾಫಿಯ ಪಟ್ಟಿಯೂ ಅವುಗಳಲ್ಲಿತ್ತು.

ಯುದ್ಧ ಮುಗಿಯಿತು, ವಿಭಾಗವೂ ಮುಚ್ಚಿತು. ಎರಡನೇ ಮಹಾಯುದ್ಧದಲ್ಲಿ ಮತ್ತೆ ಬುಡದಿಂದ ಕಟ್ಟಿದ್ದು 1945ರ ನಂತರ ಬಹುಮಟ್ಟಿಗೆ ಚದುರಿಹೋಯಿತು. ಈ ಪಾಠದ ಬಳಿಕ ಮೀಸಲು ಪಡೆಯ ಮಹತ್ವ ಹೆಚ್ಚಿತು. ಕೊರಿಯಾ ಯುದ್ಧದ ವೇಳೆ, 1951ರಲ್ಲಿ, ನ್ಯೂಯಾರ್ಕ್ ರಾಜ್ಯದ ಮೀಸಲು ತುಕಡಿಯಾದ 301ನೇ ರೇಡಿಯೋ ಪ್ರಸಾರ ಮತ್ತು ಕರಪತ್ರ ಗುಂಪನ್ನು ಸೇವೆಗೆ ಕರೆದು ಜರ್ಮನಿಗೆ ಕಳಿಸಲಾಯಿತು. ಮರುವರ್ಷ ಫೋರ್ಟ್ ಬ್ರ್ಯಾಗ್‌ನಲ್ಲಿ ಮನೋಸಮರ ಕೇಂದ್ರ ತಲೆಯೆತ್ತಿತು.

1991ರ ಕೊಲ್ಲಿ ಯುದ್ಧದಲ್ಲಿ ಸುಮಾರು 2.9 ಕೋಟಿ ಕರಪತ್ರಗಳು ಬಿದ್ದವು. ಜತೆಗೆ ಧ್ವನಿವರ್ಧಕ ತಂಡಗಳು ಮುಂಚೂಣಿಯ ತುಕಡಿಗಳೊಂದಿಗೇ ಸಾಗಿದವು. ತಂಡವೆಂದರೆ ಸಾಮಾನ್ಯವಾಗಿ ಮೂವರು, ಒಂದು ವಾಹನ, ಒಂದು ಧ್ವನಿವರ್ಧಕ. ದುಭಾಷಿ ಸಿಕ್ಕರೆ ಬಲ ಇಮ್ಮಡಿ.

ಇಷ್ಟು ಚಿಕ್ಕ ತಂಡದ ಬೆಲೆ ಗೊತ್ತಾದದ್ದು 2003ರ ಏಪ್ರಿಲ್ 9ರಂದು, ಬಾಗ್ದಾದಿನ ಫಿರ್ದೋಸ್ ಚೌಕದಲ್ಲಿ. ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನನ ಪ್ರತಿಮೆಯ ಮುಖಕ್ಕೆ ಅಮೆರಿಕದ ಸೈನಿಕನೊಬ್ಬ ತನ್ನ ದೇಶದ ಬಾವುಟ ಹೊದಿಸಿದ. ಅಲ್ಲಿದ್ದ ಭೂಸೇನೆಯ ಮನೋಸಮರ ತಂಡಕ್ಕೆ ಅಪಾಯ ತಕ್ಷಣ ಹೊಳೆಯಿತು: ಬಿಡುಗಡೆಯ ಚಿತ್ರ ಆಕ್ರಮಣದ ಚಿತ್ರವಾಗುತ್ತದೆ. ತಂಡ ಇರಾಕಿನ ಬಾವುಟ ತರಿಸಲು ಮುಂದಾಯಿತು. ಆಮೇಲೆ ಪ್ರತಿಮೆಯ ಮೇಲೆ ಕಂಡದ್ದು ಇರಾಕಿನ ಬಾವುಟ. ಅಂಥ ಹೊತ್ತಿನಲ್ಲಿ ದೂರದ ಕಚೇರಿಯಿಂದ ಸಲಹೆ ಬರುವಷ್ಟು ಸಮಯವಿರುವುದಿಲ್ಲ; ಬಲ್ಲವರು ಪಕ್ಕದಲ್ಲೇ ಇರಬೇಕು.

2006ರಲ್ಲಿ ದೊಡ್ಡ ಬದಲಾವಣೆಯಾಯಿತು. ಮೀಸಲು ಮನೋಸಮರ ತುಕಡಿಗಳು ವಿಶೇಷ ಕಾರ್ಯಾಚರಣಾ ಕಮಾಂಡಿನಿಂದ ಬೇರ್ಪಟ್ಟು ಭೂಸೇನೆಯ ಮೀಸಲು ಕಮಾಂಡಿಗೆ ಸೇರಿದವು. ಭೂಸೇನೆಯ ಸಾಮಾನ್ಯ ಪಡೆಗಳಿಗೆ ನೆರವಾಗುವುದು ಮುಖ್ಯವಾಗಿ ಅವುಗಳ ಪಾಲಾಯಿತು. 2010ರಲ್ಲಿ ಕೆಲಸದ ಹೆಸರೂ 'ಸೇನಾ ಮಾಹಿತಿ ಬೆಂಬಲ' ಎಂದಾಯಿತು.

ಹೆಸರು ಬದಲಾದರೂ ಕಷ್ಟ ಉಳಿಯಿತು. ಮೀಸಲು ಸೈನಿಕರು ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ತರಬೇತಿ ಪಡೆಯುವವರು. ಯಾವ ಬೆಟಾಲಿಯನ್ ಜತೆ ಹೋಗಬೇಕೋ ಅದರ ಪರಿಚಯ ಹಲವು ಬಾರಿ ರಣರಂಗದಲ್ಲೇ ಆಗುತ್ತದೆ. ಸಂದೇಶಕ್ಕೆ ಮೇಲಿನಿಂದ ಒಪ್ಪಿಗೆ ಬರುವುದರೊಳಗೆ ಸಂದರ್ಭ ಕೈಜಾರುತ್ತದೆ. ಒಪ್ಪಿಗೆಯ ಜರಡಿ ಸಡಿಲವಾದರೂ ಅನಾಹುತವೇ: 2017ರ ಸೆಪ್ಟೆಂಬರಿನಲ್ಲಿ ಆಫ್ಘಾನಿಸ್ತಾನದ ಪರ್ವಾನ್ ಪ್ರಾಂತ್ಯದಲ್ಲಿ ಬಿದ್ದ ಕರಪತ್ರದಲ್ಲಿ ನಾಯಿಯ ಚಿತ್ರದ ಮೇಲೆ ಇಸ್ಲಾಮಿನ ಪವಿತ್ರ ವಾಕ್ಯವಿತ್ತು. ಅಮೆರಿಕದ ಸೇನಾಧಿಕಾರಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಒಂದು ಶತಮಾನದ ಈ ಅನುಭವ ನನಗೆ ಹೇಳುವುದಿಷ್ಟು: ಈ ತಂಡವನ್ನು ಕೊನೆಗೆ ಅಂಟಿಸುವ ಬಾಲಂಗೋಚಿಯಾಗಿಸಬಾರದು. ವಾರ್ಷಿಕ ಎರಡು ವಾರಗಳ ತಾಲೀಮಿನಲ್ಲೇ ಅದು ಬೆಟಾಲಿಯನ್ ಜತೆಗಿರಬೇಕು, ಆದೇಶ ಬರೆಯುವ ಮೇಜಿನಲ್ಲಿ ಅದಕ್ಕೊಂದು ಕುರ್ಚಿ ಇರಬೇಕು. ಊರಿನ ಜನ ಯಾವ ಬಾವುಟ ಬಯಸುತ್ತಾರೆ ಎಂದು ಬಲ್ಲವನ ಮಾತನ್ನು ಕಮಾಂಡರ್ ಕೇಳುವುದು ಅವನನ್ನು ಮೊದಲೇ ನಂಬಿದ್ದರೆ ಮಾತ್ರ.