ಸೇತುವೆಗೂ ಒಂದು ಶುಕ್ರವಾರ

ಯಶವಂತಪುರ ದಾಟಿ ಗೊರಗುಂಟೆಪಾಳ್ಯಕ್ಕೆ ಬಂದರೆ ತುಮಕೂರು ರಸ್ತೆ ಎರಡಾಗುತ್ತದೆ. ಒಂದು ಮೇಲೇರುತ್ತದೆ, ಇನ್ನೊಂದು ಕಂಬಗಳ ನೆರಳಿನಲ್ಲಿ ಕೆಳಗೇ ಸಾಗುತ್ತದೆ. ಮೊದಲು ಇದ್ದದ್ದು ಕೆಳಗಿನದೊಂದೇ, ಪುಣೆಯ ಕಡೆಗೆ ಹೋಗುವ ಹಳೆಯ ಹೆದ್ದಾರಿ. ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಕಾರ್ಖಾನೆಯ ಲಾರಿಗಳಿಗೆ, ಊರಿನ ಬಸ್ಸುಗಳಿಗೆ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಎಲ್ಲಕ್ಕೂ ಅದೇ ದಾರಿಯಾಯಿತು. ಈ ಒತ್ತಡ ತಗ್ಗಿಸಲೆಂದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಯೋಜನೆಯಲ್ಲಿ ಎದ್ದ, ನಾಲ್ಕು ಕಿಲೋಮೀಟರಿನಷ್ಟು ಉದ್ದದ ಮೇಲ್ಸೇತುವೆ 2010ರಲ್ಲಿ ಬಳಕೆಗೆ ಬಂತು.

ಹನ್ನೊಂದು ವರ್ಷ ಕಳೆದು, 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಬೇಕಾಯಿತು. 102 ಮತ್ತು 103ನೆಯ ಕಂಬಗಳ ನಡುವೆ ಉಕ್ಕಿನ ಕೇಬಲ್ಲುಗಳು ಹಾಳಾಗಿದ್ದವು.

ಕಾಂಕ್ರೀಟಿನ ಗುಣ ಹೀಗೆ: ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕೇ ತೊಲೆಯೊಳಗೆ ಕೊಳವೆಗಳನ್ನಿಟ್ಟು, ಉಕ್ಕಿನ ತಂತಿಗಳ ಹುರಿಯನ್ನು ಬಿಗಿಯಾಗಿ ಎಳೆದು ಕಟ್ಟಿ, ಸುತ್ತ ಸಿಮೆಂಟಿನ ಹಾಲು ತುಂಬುತ್ತಾರೆ. ಒಳಗೆ ನೀರು, ಗಾಳಿ ಸೇರಿದರೆ ತುಕ್ಕು ಶುರು. ಮೇಲಿನ ನುಣುಪಾದ ಡಾಂಬರನ್ನು ನೋಡಿದವರಿಗೆ ಇದರ ಸುಳಿವೇ ಸಿಗದು.

2022ರ ಫೆಬ್ರವರಿಯಲ್ಲಿ ಕಾರು, ಸ್ಕೂಟರುಗಳಿಗೆ ದಾರಿ ತೆರೆಯಿತು. ಬಸ್ಸು, ಲಾರಿಗಳು ಮಾತ್ರ ಕೆಳಗಿನ ರಸ್ತೆಯಲ್ಲೇ ತೆವಳಿದವು. ಬಸ್ಸಿನಲ್ಲಿ ಹೋಗುವವರ ಹೊತ್ತು ಅಲ್ಲೇ ಕರಗಿತು. ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಓಡುವ ಹೆಂಗಸಿಗೆ ಅರ್ಧ ಗಂಟೆ ಎಂದರೆ ಎಷ್ಟೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕೇ?

ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರನ್ನು ಕೇಳಲಾಯಿತು. ಸೇತುವೆಯ 120 ಅಂಕಣಗಳಲ್ಲಿ, ಒಂದೊಂದಕ್ಕೆ ಹತ್ತರಂತೆ 1,200 ಕೇಬಲ್ಲುಗಳು. ಮುಂದೆಂದಾದರೂ ಬೇಕಾದೀತೆಂದು ಪ್ರತಿ ಅಂಕಣದಲ್ಲೂ ಎರಡು ಕೊಳವೆಗಳನ್ನು ಖಾಲಿ ಬಿಟ್ಟಿದ್ದರು. ಮೊದಲು ಅವುಗಳಲ್ಲಿ 240 ಹೊಸ ಕೇಬಲ್ಲುಗಳನ್ನು ಸೇರಿಸಿದರು. 2024ರ ಜನವರಿಯಲ್ಲಿ ಭಾರ ಹೇರಿ ಪರೀಕ್ಷಿಸಿದರು. ಜುಲೈ ಕೊನೆಗೆ ಭಾರಿ ವಾಹನಗಳಿಗೂ ಅನುಮತಿ ಸಿಕ್ಕಿತು. ಆದರೆ ದುರಸ್ತಿಗಾಗಿ ಶುಕ್ರವಾರ ಅವು ಮೇಲೆ ಹತ್ತಬಾರದೆಂಬ ಕಟ್ಟಳೆಯೊಡನೆ.

ಈ ಶುಕ್ರವಾರದ ಏರ್ಪಾಡು ನನಗೆ ಬಹಳ ಹಿಡಿಸಿತು. ನಾವೂ ಶುಕ್ರವಾರ ಹೊಸ್ತಿಲು ತೊಳೆದು, ಮೂಲೆಯ ಜೇಡರಬಲೆ ತೆಗೆಯುವವರಲ್ಲವೇ? ಮನೆವಾರ್ತೆ ಕಣ್ಣಿಗೆ ಬೀಳುವುದು ಅದು ನಿಂತಾಗಲೇ. ರಸ್ತೆ, ಸೇತುವೆಗಳ ಪಾಲನೆಯೂ ಹಾಗೆಯೇ. ಉದ್ಘಾಟನೆಗೆ ಶಿಲಾಫಲಕವಿದೆ, ಕಂಬದ ಮೇಲೆ ಹತ್ತಿ, ಟಾರ್ಚು ಹಿಡಿದು ತೊಲೆಯ ಒಳಗನ್ನು ನೋಡಿ ಬರುವವನಿಗೆ ಫಲಕವಿಲ್ಲ. ಆದರೂ ಮೇಲೆ ಹೋಗುವ ಪ್ರತಿ ಬಸ್ಸನ್ನೂ ಹೊತ್ತಿರುವುದು ಅವನು ನೋಡಿ ಬಂದ ನೋಟವೇ.